ಹಾಡು ಬಾರದವರ ಬಚ್ಚಲು

“ಒಳಕ್ಕೋದ್ಮೇಲೆ ಹಾಡ್ತಾನೇ ಇರ್ಬೇಕು ಮೇಡಮ್ಮಾರೇ. ನಿಲ್ಸುದ್ರೆ ಖಾಲಿ ಆಯ್ತು ಅಂತ ನಾವು ನುಗ್ಬುಡ್ತೀವಿ,” ಎಂದಳು ಕಾವೇರಮ್ಮ, ಬಚ್ಚಲ ಬಾಗಿಲನ್ನು ತಾನೇ ತೆರೆದು ಹಿಡಿದು.

ಮನೆ ಪರಿಶೀಲಿಸಿ ಅಂಕ ಕೊಡಲು ಬಂದಿದ್ದ ಅಸ್ರಾ ಮೇಡಂ ತಮಾಷೆಯೆಂದು ನಕ್ಕರು. ತಮಾಷೆಯಾಗಿರಲಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿದ್ದ ಆ ಮನೆಯಲ್ಲಿ, ಲೋಕದ ಲೆಕ್ಕಕ್ಕೆ ಬುದ್ಧಿ ಒಂದಿಷ್ಟು ನಿಧಾನವಾದ ಕಾವೇರಮ್ಮ, ಪುಟ್ಟಲಕ್ಷ್ಮಮ್ಮ ಇಬ್ಬರೂ ಸಹಾಯಕಿ ಲತಾಮಣಿಯ ಆಸರೆಯಲ್ಲಿ ಸಂಸಾರ ಹೂಡಿದ್ದರು. ಹಿಂದೊಮ್ಮೆ ಕಾವೇರಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಕಿರುಚಾಡಿ, ಬಾಗಿಲು ಒಡೆಯಬೇಕಾಗಿ ಬಂದಿತ್ತು. ಅಂದೇ ಮನೆ ನಡೆಸುತ್ತಿದ್ದ ಸಂಸ್ಥೆಯವರು ಚಿಲಕಗಳನ್ನೆಲ್ಲ ಕೀಳಿಸಿದರು. ಒಳಗೆ ಯಾರೋ ಇದ್ದಾರೆಂದು ಗೊತ್ತಾಗಲಿ ಎಂದು ಹಾಡುವ ಪದ್ಧತಿ ಶುರುವಾಯಿತು.

ಕಾವೇರಮ್ಮನಿಗೆ ಅದೇ ಹಬ್ಬ. ಒಂದೊಂದು ತಂಬಿಗೆ ನೀರಿಗೆ ಒಂದೊಂದು ಸೋಬಾನೆ ಪದ. ಬಾಯಿ ಬಿಟ್ಟರೆ ದನಿ ನಡುಗುವ ಪುಟ್ಟಲಕ್ಷ್ಮಮ್ಮನದು ಮಾತ್ರ ಫಜೀತಿ. ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಟ್ಟು, ಸೀರೆ ಸುತ್ತಿಕೊಂಡೇ ಎರಡು ತಂಬಿಗೆ ಸುರಿದುಕೊಂಡು ಓಡಿಬರುತ್ತಿದ್ದಳು. ಅಷ್ಟರಲ್ಲೂ ಕಾವೇರಮ್ಮ ನುಗ್ಗುವುದು ತಪ್ಪುತ್ತಿರಲಿಲ್ಲ. “ಕಬ್ಬಾಳಮ್ಮನಾಣೆ, ಹಾಡೇ ಕೇಳ್ನಿಲ್ಲ!”

ಅದಕ್ಕೇ ಮೇಡಂ ಬಂದೊಡನೆ ಪುಟ್ಟಲಕ್ಷ್ಮಮ್ಮ ಅವರ ದುಪಟ್ಟದ ತುದಿ ಹಿಡಿದಿದ್ದಳು. “ನಂಗೊಂದು ಚಿಲ್ಕ ಹಾಕ್ಸಿಕೊಡವ್ವ.”

“ಚಿಲಕ ಇಲ್ಲದಿರೋದೇ ನಿಮಗೆ ಕ್ಷೇಮ ಕಣಮ್ಮ. ಈ ವಿಷಯದಲ್ಲಿ ನಿಮ್ಮ ಮನೆಗೆ ಪೂರ್ತಿ ಅಂಕ,” ಎಂದಿದ್ದರು ಮೇಡಂ, ಲತಾಮಣಿ ಬಗ್ಗಿಸಿಕೊಟ್ಟ ಮತ್ತೊಂದು ಲೋಟ ಮಜ್ಜಿಗೆ ಕುಡಿಯುತ್ತ. ಆ ಮಜ್ಜಿಗೆಯೇ ಈಗ ಅವರನ್ನು ಬಚ್ಚಲಿಗೆ ಕರೆತಂದಿತ್ತು.

ಬಾಗಿಲು ಮುಚ್ಚಿತು. ಒಳಗಿನಿಂದ ಸದ್ದಿಲ್ಲ. ಕಾವೇರಮ್ಮ ತಳ್ಳಿದಳು.

“ಇದ್ದೀನಿ! ಇದ್ದೀನಿ!”

“ಇದ್ದೀನಿ ಅಂದ್ರೆ ಆಗಾಕಿಲ್ಲ. ಹಾಡೇಳಿ.”

“ಲತಾಮಣಿ, ಒಂಚೂರು ಹೇಳ್ರೀ ಇವರಿಗೆ!”

“ನಾನೇನ್ ಹೇಳ್ಲಿ ಮೇಡಂ, ನಾನೂ ಹಾಡ್ಕೊಂಡೇ ಹೋಗಿಬರೋದು,” ಎಂದಳು ಲತಾಮಣಿ, ಸೆರಗನ್ನು ಬಾಯಿಗೆ ತುರುಕಿಕೊಂಡು.

ಆತುರಕ್ಕೆ ಮೇಡಂಗೆ ಒಂದು ಹಾಡೂ ನೆನಪಾಗಲೊಲ್ಲದು. ಕೊನೆಗೆ ಒಳಗಿನಿಂದ ಮಗ್ಗಿ ಹೊರಟಿತು: “ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು…”

“ಅಯ್ಯ, ಇದ್ಯಾವ ಪದ? ರಾಗವೇ ಇಲ್ವಲ್ಲ!” ಎಂದ ಕಾವೇರಮ್ಮ ತಾನೇ ಸೋಬಾನೆಯ ಧಾಟಿ ಎತ್ತಿಕೊಟ್ಟಳು. ಒಳಗಿನ ಮಗ್ಗಿ ಹೊರಗಿನ ಧಾಟಿಗೆ ಸಿಕ್ಕಿಬಿದ್ದಿತು. ಲತಾಮಣಿ ಗೋಡೆಗೆ ತಾಳ ಹಾಕಿದಳು. ಮೂರರ ಮಗ್ಗಿ ಮದುವಣಗಿತ್ತಿಯಂತೆ ತಲೆತಗ್ಗಿಸಿ ಹಸೆಗೆ ಬಂದಿತು. ನಾಲ್ಕರ ಹೊತ್ತಿಗೆ ಮೇಡಂಗೇ ನಗು ಉಕ್ಕಿ ಉಸಿರುಕಟ್ಟಿತು. “ನಾಲ್ಕೇಳ್ಲ… ನಾಲ್ಕೇಳ್ಲ…”

ಹಾಡು ನಿಂತಿತು. ಕಾವೇರಮ್ಮನ ಕೈ ಬಾಗಿಲಿಗೆ ಹೋಯಿತು.

ಎಲ್ಲಿದ್ದಳೋ ಪುಟ್ಟಲಕ್ಷ್ಮಮ್ಮ, ಓಡಿಬಂದು ಬಾಗಿಲಿಗೆ ಬೆನ್ನುಕೊಟ್ಟು ಎರಡೂ ಕೈ ಚಾಚಿ ನಿಂತುಬಿಟ್ಟಳು. “ಯಾರೂ ತಳ್ಬ್ಯಾಡಿ! ಪಾಪ, ಈ ಅವ್ವಂಗೂ ಹಾಡು ಬರಾಕಿಲ್ಲ!”

ಒಳಗೆ ನಗು ತಟ್ಟನೆ ನಿಂತಿತು.

ಹೊರಬಂದ ಮೇಡಂ ಮುಖ ಒರೆಸಿಕೊಂಡು, ಪುಟ್ಟಲಕ್ಷ್ಮಮ್ಮನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಲತಾಮಣಿಯ ಕಡೆ ತಿರುಗಿದರು. “ತೊಂದರೆಯಾದ್ರೆ ಹೊರಗಿನಿಂದಲೂ ತೆಗೆಯೋಕಾಗುವಂಥ ಚಿಲಕ ಅಂಗಡೀಲಿ ಸಿಗುತ್ತೆ. ನಿಮ್ಮ ಸಂಸ್ಥೆಯವರಿಗೆ ನಾನೇ ಹೇಳ್ತೀನಿ. ಅದನ್ನ ಹಾಕೋವರೆಗೆ ಈ ಮನೆಗೆ ಅಂಕ ಗಿಂಕ ಏನಿಲ್ಲ.”

ಚಿಲಕ ಬಂದ ದಿನ ಮೊದಲು ಒಳಹೋದವಳು ಪುಟ್ಟಲಕ್ಷ್ಮಮ್ಮ. ಟಕ್ ಎಂದಿತು. ತಂಬಿಗೆಯ ಮೇಲೆ ತಂಬಿಗೆ ನೀರು ಸುರಿಯಿತು. ಹಂಡೆಯೇ ಬರಿದಾಯಿತೇನೋ ಎಂದು ಕಾವೇರಮ್ಮ ಬಾಗಿಲಿಗೆ ಕಿವಿ ಹಚ್ಚಿದಳು.

ಒಳಗೆ, ಯಾರೂ ಕೇಳದೆಯೇ, ನಡುಗುವ ದನಿಯೊಂದು ಸೋಬಾನೆಯ ಧಾಟಿಯಲ್ಲಿ ಗಟ್ಟಿಯಾಗಿ ಹಾಡುತ್ತಿತ್ತು: “ಎರಡೊಂದ್ಲ ಎರಡು…”