ಹೊಂಗೆ ಮರದಡಿಯ ಕಲೆ

ಲಕ್ಷ ಮೈಲಿ ದಾಟಿದ ಆ ಬ್ರಿಟಿಷ್ ಬೈಕು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಸೋರಿದ್ರೆ ಸೋರ್ಲಿ ಬಿಡಿ ಸಾರ್, ಇಷ್ಟು ವರ್ಷ ಹಾಗೇ ಓಡ್ಸಿದೀರಿ,” ಎಂದ ಮೆಕ್ಯಾನಿಕ್.

“ಬೇಡಪ್ಪ. ಮಗಳ ಮನೆ ಮುಂದೆ ಕಲೆ ಬೀಳ್ಬಾರ್ದು,” ಎಂದರು ಮುದುಕರು.

ಅವನು ಎಂಜಿನ್ ಬಿಚ್ಚಿ, ಬೇರೊಂದು ಗಾಡಿಯ ಆಯಿಲ್ ಸೀಲನ್ನು ಹೊಂದಿಸಿ ಕೂರಿಸಿಕೊಟ್ಟ.

ಮಗಳು ಅವರೊಡನೆ ಮಾತು ಬಿಟ್ಟು ಹನ್ನೊಂದು ವರ್ಷ. ಪ್ರತಿ ಯುಗಾದಿಗೂ ಅವರು ಮುನ್ನೂರು ಮೈಲಿ ಹೋಗಿ, ಅವಳ ಬೀದಿಯಲ್ಲಿ ಸದ್ದಿಲ್ಲದೆ ಬೈಕು ತಳ್ಳಿಕೊಂಡು, ಗೇಟಿನೆದುರಿನ ಹೊಂಗೆ ಮರದಡಿ ಒಂದು ಗಳಿಗೆ ನಿಂತು, ಯಾರ ಕಣ್ಣಿಗೂ ಬೀಳದೆ ಮರಳುತ್ತಿದ್ದರು. ಈ ಸಲವೂ ಹಾಗೇ ಮಾಡಿ ಬಂದರು. ಒಂದು ಹನಿಯೂ ಬೀಳಲಿಲ್ಲ.

ಮರುದಿನ ಮೆಕ್ಯಾನಿಕ್ ಮೊಬೈಲ್ ಹಿಡಿದು ಓಡಿ ಬಂದ.

“ಸಾರ್, ನಿಮ್ಮ ಮಗಳು. ನಮ್ಮ ಗ್ಯಾರೇಜಿನ ಹಳೇ ನಂಬರಿಗೆ ಫೋನ್ ಮಾಡಿದಾರೆ. ಮರದ ಕೆಳಗೆ ಈ ಯುಗಾದಿಗೆ ಎಣ್ಣೆ ಕಲೆ ಇಲ್ವಂತೆ. ‘ಅಪ್ಪ ಯಾವತ್ತು ತೀರ್ಕೊಂಡ್ರು’ ಅಂತ ಅಳ್ತಾ ಕೇಳ್ತಿದಾರೆ.”