ಬಚ್ಚಲಿನ ಹಿಡಿಕೆ

"ಏನೇ ಹೇಳಪ್ಪಾ, ಈ ಮನೆ ಮಾರೋಕೆ ನಂಗೆ ಮನಸ್ಸು ಬರ್ತಿಲ್ಲ," ಎಂದರು ಅಜ್ಜಿ. ದಲ್ಲಾಳಿ, ಅಜ್ಜಿಯನ್ನು ಹೆದರಿಸಲೆಂದೇ ತಂದಿದ್ದ ವಕೀಲರ ನೋಟಿಸು ತೆಗೆಯಲು ಚೀಲಕ್ಕೆ ಕೈಹಾಕಿದ. ಅಜ್ಜಿ ಅವನ ಹೆಸರಿಗೇ ಬರೆದುಕೊಟ್ಟಿದ್ದ ಮಾರಾಟದ ಕರಾರನ್ನು ಅವನು ಆಗಲೇ ಲಾಭಕ್ಕೆ ಬಿಲ್ಡರೊಬ್ಬನಿಗೆ ವರ್ಗಾಯಿಸಿದ್ದ. ಆ ಬಿಲ್ಡರ್ ಈಗ ಅವನ ಕುತ್ತಿಗೆ ಮೇಲೆ ಕೂತಿದ್ದ.

"ಬಾ ಇಲ್ಲಿ," ಎಂದು ಅಜ್ಜಿ ಬಚ್ಚಲಿಗೆ ಕರೆದೊಯ್ದು, ಗೋಡೆಗೆ ಹೊಸದಾಗಿ ಕೂರಿಸಿದ್ದ ಸ್ಟೀಲ್ ಹಿಡಿಕೆ ತೋರಿಸಿದರು. "ನಿಮ್ಮಮ್ಮನಿಗೆ ಮಂಡಿನೋವು, ಅವರಿಗೋಸ್ಕರಾನೇ ಮನೆ ತಗೋತಿರೋದು ಅಂದಿದ್ಯಲ್ಲ. ಪಾಪ, ಜಾರಬಾರದು ಅಂತ ಹಾಕಿಸಿದ್ದೆ. ಈಗ ನಾನೇ ಮಾತು ತಪ್ಪಿದೆ. ಫೋನ್ ಮಾಡಿಕೊಡು, ಅವರ ಹತ್ರ ಕ್ಷಮೆ ಕೇಳ್ತೀನಿ."

ಅಮ್ಮ ತೀರಿಕೊಂಡು ವರ್ಷಗಳೇ ಆಗಿದ್ದವು. ಬೆಲೆ ಇಳಿಸಲೆಂದು ಅವಳನ್ನು ಬದುಕಿಸಿದವನು ಅವನೇ. ಚೀಲದಿಂದ ಕೈ ಬರಿದೇ ಹೊರಬಂತು.

"ಅಮ್ಮ ಮಲಗಿದ್ದಾಳಜ್ಜಿ," ಎಂದವನು ಹಿಡಿಕೆಯನ್ನು ಹಿಡಿದುಕೊಂಡ.