ಐದನೆಯ ದಿನದ ತೊಟ್ಟಿಲು

ರೇವಣ್ಣ ಬಾಡಿಗೆಗೆ ಕೊಟ್ಟಿದ್ದ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಆ ಮನೆಯಲ್ಲಿ ಹೆತ್ತವರು ಯಾರೂ ಇರಲಿಲ್ಲ.

ನೀಲಾಬಾಯಿ ತನ್ನ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತ ಎದುರಿನ ಬಾಗಿಲನ್ನೇ ನೋಡುತ್ತಿದ್ದಳು. ಒಳಗಿದ್ದವಳು ಸ್ನೇಹಲ ಎಂಬ ಹುಡುಗಿ, ಸೋಲಾಪುರದಲ್ಲಿ ಡಾಕ್ಟರಕಿ ಓದಿದವಳು. ಗಾಯದ ರಕ್ತ ತಾನಾಗಿ ಹೇಗೆ ನಿಲ್ಲುತ್ತದೆ, ಕೆಲವು ಜ್ವರಗಳಲ್ಲಿ ಯಾಕೆ ನಿಲ್ಲುವುದಿಲ್ಲ ಎಂದು ಸಂಶೋಧನೆ ಮಾಡಲು ಕರಜಗಿಗೆ ಬಂದಿದ್ದಳಂತೆ. ಹಾಗಂತ ಅವಳು ಹೇಳಿದ್ದು. ಊರು ನಂಬಿರಲಿಲ್ಲ.

ಪಕ್ಕದ ಮನೆಯ ಗಂಗುಬಾಯಿ ಬಂದು ಕುಳಿತಳು.

"ಕೂಸಿನ ದನಿ ಕೇಳೀರೇನ್ರಿ ವೈನಿ?"

"ಇಲ್ಲ."

"ನಾನೂ ಕೇಳಿಲ್ಲ. ಅಳೂದು ಗೊತ್ತಿಲ್ಲದ ಕೂಸು ಅದ್ಯಾವುದವ್ವಾ! ಅಕಿ ಹೊಟ್ಟಿ ನೋಡಿದ್ರ ಹಪ್ಪಳದಂಗ ಐತಿ. ಎಲ್ಲಿಂದ ತಂದಾಳ, ಯಾರದು ತಂದಾಳ... ಇವತ್ತಿಗೆ ಐದನೇ ದಿನ. ಸಟವಿ ಪೂಜಿನೂ ಮಾಡಾಂಗ ಕಾಣೂದಿಲ್ಲ." ಗಂಗುಬಾಯಿ ದನಿ ತಗ್ಗಿಸಿದಳು. "ನಿಮ್ಮ ಮನಿಯವರನ್ನ ಕೇಳ್ರಿ. ದಿನಾ ಮಧ್ಯಾಹ್ನ ತೂಗಾಕ ಅವರೇ ಹೋಗ್ತಾರಲ್ಲ."

ನೀಲಾಬಾಯಿ ಮೊರದಲ್ಲಿನ ಜೋಳವನ್ನು ಸ್ವಲ್ಪ ಜೋರಾಗಿ ಕೇರಿದಳು.

ಗಂಡ ಬಂಡೆಪ್ಪನ ಮೇಲೆ ಅವಳಿಗೆ ಆಗಲೇ ಗುಮಾನಿ ಇತ್ತು. ಕಳೆದ ಸೋಮವಾರ, ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಎಂದು ಎಸ್ಟಿ ಬಸ್ಸು ಹತ್ತಿದವನು ಸಂಜೆ ಬರಿಗೈಯಲ್ಲಿ ಇಳಿದಿದ್ದ. ಅಕ್ಕಲಕೋಟೆಗೆ ಹೋಗಿ ಪ್ರಸಾದವಿಲ್ಲದೆ ಬರುವವರುಂಟೆ? ಬಂದವನೇ ಒಂದು ಚೆರಿಗೆ ಬೆಲ್ಲದ ನೀರು ಕುಡಿದು ಮಲಗಿದ. ಅಂಥ ಸೆಕೆಯಲ್ಲೂ ಅಂಗಿಯ ತೋಳು ಮೇಲೇರಿಸಲಿಲ್ಲ. ಅದಕ್ಕೂ ಮೊದಲೇ ಮೊಣಕಾಲು ನೋವಿನ ಗುಳಿಗೆ ಬಿಟ್ಟಿದ್ದ; ಕಾಲು ಎಳೆಯುತ್ತಿದ್ದರೂ ಯಾಕೋ ಹುರುಪಿನಲ್ಲಿದ್ದ. ಮರುದಿನವೇ ಎದುರು ಮನೆಯಲ್ಲಿ ತೊಟ್ಟಿಲು ಕಟ್ಟಿದರು.

ಹಿಂದೆ, ಮದುವೆಯಾದ ಹೊಸತರಲ್ಲಿ, ಹೋರಿ ನೋಡಲು ಭಂಡಾರಕವಠೆಗೆ ಹೋದವನು ಎರಡು ರಾತ್ರಿ ಉಳಿದು ಹೋರಿ ಇಲ್ಲದೆ ಬಂದಿದ್ದ. ನೀಲಾಬಾಯಿ ಅದನ್ನೂ ಮರೆತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟಳು.

"ಅದು ಯಾರದು?"

ಬಂಡೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾವುದು?"

"ತೊಟ್ಟಲದಾಗಿಂದು."

"ನಂದೇ ಅಂತ ತಿಳಕೋ. ಉಳದ್ರ ಎಲ್ಲಾ ಹೇಳ್ತೀನಿ. ಉಳೀಲಿಲ್ಲಂದ್ರ ಹೇಳಿ ಏನ್ ಮಾಡೂದೈತಿ?"

"ನಾಚಿಕಿ ಬರೂದಿಲ್ಲೇನು? ಈ ವಯಸ್ಸಿನ್ಯಾಗ!"

"ಆ ಪೋರಿನ ಕೇಳೇ ಹೋದೆ. ಅರವತ್ತೈದರ ತನಕ ನಡೀತೈತಂತ."

ಚಟ್ನಿ ಕೇಳದೆ ಎದ್ದು, ಕೈ ತೊಳೆದು, ಹೊಲದ ಕಡೆ ಹೋದ.

ನೀಲಾಬಾಯಿ ಅಳಲಿಲ್ಲ. ಕುಂಕುಮದ ಭರಣಿ ತೆಗೆದಳು. ಒಂದು ಖಾಲಿ ಹಾಳೆ, ಒಂದು ಪೆನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಐದನೆಯ ದಿನ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಹಾಳೆ ಪೆನ್ನು ಇಟ್ಟು ಪೂಜಿಸದಿದ್ದರೆ ಕೂಸು ದಕ್ಕುವುದಿಲ್ಲ. ದೊಡ್ಡವರ ಪಾಪಕ್ಕೆ ಕೂಸಿನ ಹಣೆ ಖಾಲಿ ಉಳಿಯಬಾರದು. ಜೊತೆಗೆ, ಆ ಕೂಸಿನ ಮೂಗನ್ನೂ ಒಮ್ಮೆ ನೋಡಬೇಕಿತ್ತು. ಬಂಡೆಪ್ಪನ ಮನೆತನದ ಮೂಗು ಎಲ್ಲಿದ್ದರೂ ಗುರುತು ಸಿಗುವಂಥದು.

ಸ್ನೇಹಲ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಕುಳಿತಿದ್ದಳು. ನಿದ್ದೆ ಇಲ್ಲದೆ ಕಣ್ಣುಗಳು ಕೆಂಪಾಗಿದ್ದವು.

"ಬರ್ರಿ ಆಜಿ! ಬರಂ ಝಾಲಂ, ಬಂದದ್ದು ಛಲೋ ಆತು. ನಮ್ಮ ಕಾಲೇಜಿನ ಸರ್‌ಗೆ ಫೋನ್ ಮಾಡಬೇಕು, ಒಳಗ ರೇಂಜ್ ಇಲ್ಲ. ಥೋಡೆ ಹೊತ್ತು ತೂಗ್ರಿ. ಇವತ್ತೊಂದು ದಿನ ದಾಟಿದ್ರ ಗೆದ್ದಂಗ."

ಹಗ್ಗ ಕೊಟ್ಟು ಅಂಗಳಕ್ಕೆ ಹೋದಳು.

ಆಗ ನೀಲಾಬಾಯಿ ತೊಟ್ಟಿಲಿನ ಬಟ್ಟೆ ನೋಡಿದಳು. ಹಸಿರು ಇಳಕಲ್ ಸೀರೆ. ನಂದಾಳದು. ಎರಡು ಮಳೆಗಾಲದ ಹಿಂದೆ ಡೆಂಗೀ ಜ್ವರದಲ್ಲಿ, ವಸಡಿನ ರಕ್ತ ನಿಲ್ಲದೆ, ಸೋಲಾಪುರದಿಂದ ಬರಬೇಕಾದದ್ದು ಬರುವುದರೊಳಗೆ ಹೋಗಿಬಿಟ್ಟ ಮಗಳು. ಆ ಸೀರೆ ಟ್ರಂಕಿನ ತಳದಲ್ಲಿತ್ತು. ಟ್ರಂಕಿನ ಕೀಲಿ ಎಲ್ಲಿರುತ್ತದೆ ಎಂದು ಬಲ್ಲವರು ಇಬ್ಬರೇ.

ಸತ್ತ ಮಗಳ ಸೀರೆಯನ್ನು ಕದ್ದು ತಂದು ಇದಕ್ಕೆ ತೊಟ್ಟಿಲು ಕಟ್ಟಿದ್ದಾನೆ. ಆದರೂ ಅವಳ ಕೈ ತೂಗುತ್ತಲೇ ಇತ್ತು.

ಬೆರಳಿಗೆ ಕುಂಕುಮ ಹಚ್ಚಿಕೊಂಡು ಮುಸುಕು ಸರಿಸಿದಳು.

ಹಣೆ ಇರಲಿಲ್ಲ. ಮೂಗೂ ಇರಲಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಜ್ಜಿಗೆಯ ಮೇಲಿನ ತಿಳಿಯಂಥ ಹಳದಿ ನೀರು. ಕೈ ನಿಂತಿತು. ತೊಟ್ಟಿಲೂ ನಿಂತಿತು.

"ನಿಲ್ಲಸಬ್ಯಾಡ್ರಿ ಆಜಿ!" ಸ್ನೇಹಲ ಓಡಿಬಂದು ಹಗ್ಗ ಹಿಡಿದಳು. "ಪ್ಲೇಟ್‌ಲೆಟ್ ಅವು, ರಕ್ತದಾಗಿನ ಸಣ್ಣ ಕಣ. ಹರಿಯೂ ರಕ್ತ ನಿಲ್ಲಸೂವು. ಫ್ರಿಜ್‌ನ್ಯಾಗ ಇಟ್ರ ಕೆಡ್ತಾವ, ಅಲಗಾಡಸದ ಇಟ್ರ ಸಾಯ್ತಾವ. ಸೋಲಾಪುರದಾಗ ಮಶೀನ ತೂಗತದ. ಇಲ್ಲಿ ಲೈಟೇ ಇರೂದಿಲ್ಲಲ್ಲ. ಸೀರಿ ತೊಟ್ಟಲದಾಗ ಐದು ದಿನ ಜೀವ ಹಿಡೀತಾವೇನು, ಅದನ್ನ ನೋಡಾಕತ್ತೀನಿ."

ನೀಲಾಬಾಯಿಯ ಬೆರಳಲ್ಲಿ ಕುಂಕುಮ ಹಾಗೆಯೇ ಇತ್ತು. ಮಧ್ಯಾಹ್ನ ಗಂಡನನ್ನು ಕೇಳಿದ ಮಾತನ್ನೇ ಮತ್ತೆ ಕೇಳಿದಳು.

"ಯಾರದು?"

"ಬಂಡೆಪ್ಪಜ್ಜಾರದ್ದೇ ರಕ್ತ, ನಾ ಹೇಳಿದಂಗ ನೋವಿನ ಗುಳಿಗಿ ಬಿಟ್ಟು ಸೋಮವಾರ ಸೋಲಾಪುರಕ್ಕ ಬಂದು ಕೊಟ್ರಲ್ಲ. ನಂದಾ ಅಕ್ಕನ ಹೊತ್ತಿಗೆ ಊರಾಗ ಇಂಥದೊಂದು ಚೀಲ ಇರಲಿಲ್ಲಂತ ಹೇಳಿ ಸೀರೀನೂ ಅವರೇ ತಂದ್ರು."